ಸರ್ವರ್‌ಗೆ ಕೈ ಹಚ್ಚದೆ ಸರ್ವರ್ ನಡೆಸುವುದು

ನಾಲ್ಕು ವರ್ಷ ಓಡಿದ ನನ್ನ ಸರ್ವರ್‌ನ ಡಿಸ್ಕ್ ಒಂದು ಭಾನುವಾರ ಬೆಳಿಗ್ಗೆ ಸತ್ತುಹೋಯಿತು. ಬ್ಯಾಕಪ್ ಇತ್ತು. ಚಿತ್ರಗಳು, ಕ್ಯಾಲೆಂಡರ್, ಪಾಸ್‌ವರ್ಡ್‌ಗಳು, ಯಾವುದೂ ಕಳೆಯಲಿಲ್ಲ. ಆದರೂ ಯಂತ್ರ ಮೊದಲಿನಂತಾಗಲು ಮೂರು ವಾರಾಂತ್ಯ ಹಿಡಿಯಿತು. ಆ ನಾಲ್ಕು ವರ್ಷಗಳಲ್ಲಿ ನಾನು ಅದಕ್ಕೆ ಏನೇನು ಮಾಡಿದ್ದೆ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಬ್ಯಾಷ್‌ನ ಹಿಸ್ಟರಿ ಕಡತವನ್ನು ತೆರೆದರೆ ಕೊನೆಯ 500 ಸಾಲುಗಳು ಮಾತ್ರ ಉಳಿದಿದ್ದವು. ಅರ್ಧದಷ್ಟು 'ಎಲ್‌ಎಸ್', ಉಳಿದರ್ಧ 'ಸುಡೋ ನ್ಯಾನೋ'. ನ್ಯಾನೋ ತೆರೆದು ಒಳಗೆ ಏನನ್ನು ತಿದ್ದಿದೆ ಎಂದು ಹಿಸ್ಟರಿ ಹೇಳುವುದಿಲ್ಲ.

ಈಗ ನನ್ನ ಬಳಿ ಎರಡು ಯಂತ್ರಗಳಿವೆ: ಎರಡು ಜಿಬಿ ಮೆಮೊರಿಯ ಒಂದು ಬಾಡಿಗೆ ಸರ್ವರ್, ಪರದೆ ಒಡೆದ ಒಂದು ಹಳೆಯ ಲ್ಯಾಪ್‌ಟಾಪ್. ಎರಡರಲ್ಲೂ ನಿಕ್ಸ್‌ಓಎಸ್ ಎಂಬ ಲಿನಕ್ಸ್ ವಿತರಣೆ ಇದೆ. ಎರಡೂ ಹೇಗಿರಬೇಕು ಎಂಬುದು ಒಂದೇ ಗಿಟ್ ಭಂಡಾರದಲ್ಲಿ ಆರುನೂರು ಚಿಲ್ಲರೆ ಸಾಲುಗಳಲ್ಲಿದೆ. ಲಿನಕ್ಸ್ ಟರ್ಮಿನಲ್, ಎಸ್‌ಎಸ್‌ಎಚ್, ಗಿಟ್ ಬಳಸಿ ಗೊತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಜ್ಞೆಗಳನ್ನೂ ಆಯ್ಕೆಗಳ ಹೆಸರುಗಳನ್ನೂ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನಲ್ಲೇ ಟೈಪಿಸಬೇಕು, ಚುಕ್ಕೆ ಮತ್ತು ಅಡ್ಡಗೆರೆಗಳು ಇದ್ದಲ್ಲೇ ಇರಬೇಕು.

ಸಾಮಾನ್ಯ ಲಿನಕ್ಸ್‌ನಲ್ಲಿ ನಾವು ಯಂತ್ರಕ್ಕೆ 'ಇದನ್ನು ಮಾಡು, ಆಮೇಲೆ ಅದನ್ನು ಮಾಡು' ಎನ್ನುತ್ತೇವೆ. ನಿಕ್ಸ್‌ಓಎಸ್‌ನಲ್ಲಿ 'ನೀನು ಹೀಗಿರಬೇಕು' ಎಂದು ಬರೆದುಕೊಡುತ್ತೇವೆ; ಹಾಗಾಗುವ ದಾರಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಇದರ ಬುಡದಲ್ಲಿರುವ ನಿಕ್ಸ್ ಎಂಬ ಪ್ಯಾಕೇಜ್ ನಿರ್ವಾಹಕ, ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಎಲ್ಕೊ ಡೋಲ್‌ಸ್ಟ್ರಾ 2003ರಲ್ಲಿ ಶುರುಮಾಡಿದ ಸಂಶೋಧನೆ; 2006ರಲ್ಲಿ ಅದೇ ಅವರ ಪಿಎಚ್‌ಡಿ ಪ್ರಬಂಧವಾಯಿತು. ಅವರ ಉಪಾಯ ಸರಳ: ಪ್ರತಿ ಪ್ಯಾಕೇಜ್ '/ನಿಕ್ಸ್/ಸ್ಟೋರ್' ಒಳಗೆ ತನ್ನದೇ ಕೋಣೆಯಲ್ಲಿರುತ್ತದೆ, ಕೋಣೆಯ ಹೆಸರಿನ ಮೊದಲಿಗೆ 32 ಅಕ್ಷರಗಳ ಹ್ಯಾಶ್ ಇರುತ್ತದೆ. ಹಳೆಯ ಆವೃತ್ತಿಯ ಮೇಲೆ ಹೊಸದು ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಹೀಗಾಗಿ ಇಡೀ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಒಯ್ಯುವುದೆಂದರೆ ಮುಖ್ಯವಾಗಿ ಒಂದು ಸಿಮ್‌ಲಿಂಕ್ ತಿರುಗಿಸುವ ಕೆಲಸ.

ಸ್ಥಾಪನೆ

ಕೈಗೆಟಕುವ ಯಂತ್ರವಾದರೆ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕ್ ವಿಭಾಗಿಸಿ, 'ನಿಕ್ಸ್‌ಓಎಸ್-ಜನರೇಟ್-ಕಾನ್ಫಿಗ್' ಓಡಿಸಿ. ಅದು ಎರಡು ಕಡತಗಳನ್ನು ಕೊಡುತ್ತದೆ: ಯಂತ್ರಾಂಶದ ವಿವರವಿರುವ 'ಹಾರ್ಡ್‌ವೇರ್-ಕಾನ್ಫಿಗರೇಶನ್.ನಿಕ್ಸ್' ಮತ್ತು ನೀವು ತಿದ್ದಬೇಕಾದ 'ಕಾನ್ಫಿಗರೇಶನ್.ನಿಕ್ಸ್'.

ಬಾಡಿಗೆ ಸರ್ವರ್‌ಗಳಲ್ಲಿ ನಿಕ್ಸ್‌ಓಎಸ್ ಪಟ್ಟಿಯಲ್ಲೇ ಇಲ್ಲದಿರುವುದು ಸಾಮಾನ್ಯ. ಯೋಚನೆ ಬೇಡ. ಅವರು ಕೊಡುವ ಯಾವುದಾದರೂ ಲಿನಕ್ಸ್ ಹಾಕಿಸಿಕೊಂಡು, ನಿಮ್ಮ ಕಂಪ್ಯೂಟರ್‌ನಿಂದ 'ನಿಕ್ಸ್‌ಓಎಸ್-ಎನಿವೇರ್' ಓಡಿಸಿ. ಅದು ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ಕೆಎಕ್ಸೆಕ್‌ನಿಂದ ಮೆಮೊರಿಯಲ್ಲೇ ಹೊಸ ಕರ್ನೆಲ್ ಎಬ್ಬಿಸಿ, 'ಡಿಸ್ಕೋ' ಎಂಬ ಸಾಧನದಿಂದ ಡಿಸ್ಕ್ ವಿಭಾಗಿಸಿ, ನಿಮ್ಮ ಕಾನ್ಫಿಗರೇಶನ್ ಅನ್ನೇ ನೇರವಾಗಿ ಸ್ಥಾಪಿಸುತ್ತದೆ. ಕನಿಷ್ಠ ಒಂದು ಜಿಬಿ ಮೆಮೊರಿ ಬೇಕು. ಡಿಸ್ಕ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಯಂತ್ರದ ವಿಳಾಸವನ್ನು ಎರಡು ಸಲ ಓದಿ ಎಂಟರ್ ಒತ್ತಿ.

ಮೊದಲ ಕಡತದಲ್ಲಿ ಏನಿರಬೇಕು

ನಿಕ್ಸ್ ಭಾಷೆಯನ್ನು ನೋಡಿ ಬೆನ್ನು ತಿರುಗಿಸಿದವರು ಬಹಳ. ಇಡೀ ಭಾಷೆ ಕಲಿಯುವ ಅಗತ್ಯವಿಲ್ಲ. ಪುಷ್ಪಾವರಣದೊಳಗೆ 'ಹೆಸರು = ಬೆಲೆ;' ಎಂಬ ಸಾಲುಗಳು, ಚೌಕಾವರಣದೊಳಗೆ ಪಟ್ಟಿ, ಇಷ್ಟರಿಂದ ಮೊದಲ ತಿಂಗಳು ದಾಟಬಹುದು. ಸಾಲಿನ ಕೊನೆಯ ಅರ್ಧವಿರಾಮ ಮರೆತರೆ ದೋಷಸಂದೇಶ ಮುಂದಿನ ಸಾಲನ್ನು ದೂರುತ್ತದೆ. ಆದ್ದರಿಂದ ಯಾವಾಗಲೂ ಮೇಲಿನ ಸಾಲನ್ನೂ ನೋಡಿ. ಪಟ್ಟಿಯ ಅಂಶಗಳ ನಡುವೆ ಅಲ್ಪವಿರಾಮ ಹಾಕುವಂತಿಲ್ಲ, ಬರಿಯ ಜಾಗ ಸಾಕು. ಬೇರೆ ಭಾಷೆಗಳಲ್ಲಿ ಪಳಗಿದ ಬೆರಳುಗಳು ಇದನ್ನು ಒಪ್ಪಲು ಒಂದು ವಾರವಾದರೂ ಬೇಕು.

ನನ್ನ ಬಾಡಿಗೆ ಸರ್ವರ್‌ನ ಕಡತದ ಆರಂಭ ಹೀಗಿದೆ:

ಸರ್ವೀಸಸ್.ಓಪನ್‌ಎಸ್‌ಎಸ್‌ಎಚ್.ಎನೇಬಲ್ = ಟ್ರೂ;
ಸರ್ವೀಸಸ್.ಓಪನ್‌ಎಸ್‌ಎಸ್‌ಎಚ್.ಸೆಟ್ಟಿಂಗ್ಸ್.ಪಾಸ್‌ವರ್ಡ್‌ಅಥೆಂಟಿಕೇಶನ್ = ಫಾಲ್ಸ್;
ನೆಟ್‌ವರ್ಕಿಂಗ್.ಫೈರ್‌ವಾಲ್.ಅಲೌಡ್‌ಟಿಸಿಪಿಪೋರ್ಟ್ಸ್ = [ 80 443 ];
ಝಡ್‌ರ‍್ಯಾಮ್‌ಸ್ವಾಪ್.ಎನೇಬಲ್ = ಟ್ರೂ;

ಮೂರನೆಯ ಸಾಲಿನ ಹಿಂದೆ ನನ್ನ ಒಂದು ಸಂಜೆ ಇದೆ. ನಿಕ್ಸ್‌ಓಎಸ್‌ನಲ್ಲಿ ಫೈರ್‌ವಾಲ್ ಮೊದಲಿನಿಂದಲೇ ಚಾಲೂ ಇರುತ್ತದೆ. ಓಪನ್‌ಎಸ್‌ಎಸ್‌ಎಚ್ ತನ್ನ ಪೋರ್ಟ್ ಅನ್ನು ತಾನೇ ತೆರೆದುಕೊಳ್ಳುತ್ತದೆ, ಎನ್‌ಜಿನ್‌ಎಕ್ಸ್ ತೆರೆದುಕೊಳ್ಳುವುದಿಲ್ಲ. ವೆಬ್ ಸರ್ವರ್ ಓಡುತ್ತಿದೆ, ಯಂತ್ರದೊಳಗಿಂದ ಕೇಳಿದರೆ ಪುಟ ಬರುತ್ತದೆ, ಹೊರಗಿನಿಂದ ಮಾತ್ರ ಇಲ್ಲ. ಪ್ರಮಾಣಪತ್ರ ಕೊಡಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಕೂಡ 80ನೆಯ ಬಾಗಿಲು ತಟ್ಟಿ ತಟ್ಟಿ ಹಿಂದಿರುಗುತ್ತಿತ್ತು. ಪೋರ್ಟ್ ತೆರೆದ ಮೇಲೆ ಉಳಿದದ್ದು ಸುಲಭ: ವರ್ಚುವಲ್ ಹೋಸ್ಟ್‌ನಲ್ಲಿ 'ಎನೇಬಲ್‌ಎಸಿಎಂಇ' ಮತ್ತು 'ಫೋರ್ಸ್‌ಎಸ್‌ಎಸ್‌ಎಲ್' ಎರಡನ್ನೂ ಟ್ರೂ ಮಾಡಿ, 'ಸೆಕ್ಯುರಿಟಿ.ಎಸಿಎಂಇ' ಅಡಿಯಲ್ಲಿ ಷರತ್ತಿಗೆ ಒಪ್ಪಿಗೆ ಮತ್ತು ಮಿಂಚಂಚೆ ವಿಳಾಸ ಕೊಟ್ಟರೆ 90 ದಿನಗಳ ಪ್ರಮಾಣಪತ್ರ ತಾನೇ ಬಂದು ತಾನೇ ನವೀಕರಣವಾಗುತ್ತದೆ.

ಕಡತದ ಕೊನೆಯಲ್ಲಿ 'ಸಿಸ್ಟಮ್.ಸ್ಟೇಟ್‌ವರ್ಷನ್' ಎಂಬ ಸಾಲು ಇರುತ್ತದೆ. ಹೆಸರು ನೋಡಿ ಮೋಸಹೋಗಬೇಡಿ. ಇದು ಈಗ ಓಡುತ್ತಿರುವ ಆವೃತ್ತಿಯಲ್ಲ. ಈ ಯಂತ್ರದ ದತ್ತಾಂಶ ಯಾವ ಕಾಲದ ರೂಢಿಯಲ್ಲಿ ಹುಟ್ಟಿತು ಎಂಬ ಜನ್ಮಪತ್ರ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಯಾವ ಮುಖ್ಯ ಆವೃತ್ತಿ ಓಡಬೇಕು ಎಂಬುದನ್ನು ಬೇರೆ ಕಡೆ ಹೇಳದಿದ್ದರೆ ಈ ಸಾಲೇ ನಿರ್ಧರಿಸುತ್ತದೆ. ನಿಕ್ಸ್‌ಓಎಸ್ ನವೀಕರಿಸುವಾಗ ಇದನ್ನು ಮುಟ್ಟಬೇಡಿ.

ಫ್ಲೇಕ್ ಮತ್ತು ಗಿಟ್

ಮೊದಲಿನಿಂದಲೇ ಫ್ಲೇಕ್ (ಕಾನ್ಫಿಗರೇಶನ್ ಜೊತೆಗೆ ಅದನ್ನು ಯಾವ ಮೂಲಗಳಿಂದ ಕಟ್ಟಬೇಕು ಎಂಬುದನ್ನೂ ಬರೆದಿಡುವ ಬಗೆ) ಬಳಸಿ ಎಂಬುದು ನನ್ನ ಅಭಿಪ್ರಾಯ. ಅಧಿಕೃತವಾಗಿ ಅದಕ್ಕೆ ಇನ್ನೂ 'ಪ್ರಾಯೋಗಿಕ' ಎಂಬ ಹಣೆಪಟ್ಟಿ ಇದೆ, ಆದರೂ ಬಹಳ ಮಂದಿ ಬಳಸುತ್ತಾರೆ. ಲಾಭ ಇಷ್ಟೇ: 'ಫ್ಲೇಕ್.ಲಾಕ್' ಕಡತದಲ್ಲಿ ನಿಕ್ಸ್‌ಪ್ಯಾಕೇಜಸ್ ಎಂಬ ಪ್ಯಾಕೇಜ್ ಭಂಡಾರದ ಯಾವ ಕಮಿಟ್‌ನಿಂದ ವ್ಯವಸ್ಥೆ ಕಟ್ಟಿದ್ದು ಎಂಬುದು ದಾಖಲಾಗಿರುತ್ತದೆ. ಆರು ತಿಂಗಳ ನಂತರ ಅದೇ ಭಂಡಾರದಿಂದ ಕಟ್ಟಿದರೂ ಅದೇ ಆವೃತ್ತಿಗಳು ಬರುತ್ತವೆ.

ಒಂದು ತೊಡಕು ಮಾತ್ರ ಎಲ್ಲರನ್ನೂ ಒಮ್ಮೆ ಬೀಳಿಸುತ್ತದೆ. 'ಬ್ಯಾಕಪ್.ನಿಕ್ಸ್' ಎಂಬ ಹೊಸ ಕಡತ ಬರೆದೆ, ಮುಖ್ಯ ಕಡತದ 'ಇಂಪೋರ್ಟ್ಸ್' ಪಟ್ಟಿಯಲ್ಲಿ ಸೇರಿಸಿದೆ, ಕಟ್ಟಿದೆ. ಅಂಥ ಕಡತವೇ ಇಲ್ಲ ಎಂದಿತು. 'ಎಲ್‌ಎಸ್' ಮಾಡಿದರೆ ಕಣ್ಣೆದುರೇ ಇದೆ. ಹೆಸರು ತಿದ್ದಿದೆ, ಅನುಮತಿ ನೋಡಿದೆ, ದಾರಿ ಬದಲಿಸಿದೆ. ಅರ್ಧ ಗಂಟೆಯ ಮೇಲೆ ತಿಳಿಯಿತು: ಗಿಟ್ ಭಂಡಾರದೊಳಗಿನ ಫ್ಲೇಕ್‌ಗೆ ಗಿಟ್‌ಗೆ ಗೊತ್ತಿರುವ ಕಡತಗಳು ಮಾತ್ರ ಕಾಣುತ್ತವೆ. 'ಗಿಟ್ ಆ್ಯಡ್' ಮಾಡಿದರೆ ಸಾಕು, ಕಮಿಟ್ ಕೂಡ ಬೇಕಿಲ್ಲ.

ದೂರದ ಯಂತ್ರವನ್ನು ಬದಲಿಸುವುದು

ಚಿಕ್ಕ ಸರ್ವರ್‌ನಲ್ಲಿ ವ್ಯವಸ್ಥೆಯನ್ನು ಕಟ್ಟಬೇಡಿ. ಕಾನ್ಫಿಗರೇಶನ್ ಲೆಕ್ಕ ಹಾಕುವುದಕ್ಕೇ ಮೆಮೊರಿ ಸಾಲದೆ ಕರ್ನೆಲ್ ಪ್ರಕ್ರಿಯೆಯನ್ನು ಕೊಲ್ಲುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಕಟ್ಟಿ ಕಳುಹಿಸಿ:

ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್ --ಫ್ಲೇಕ್ .#ಬಾಡಿಗೆ --ಟಾರ್ಗೆಟ್-ಹೋಸ್ಟ್ ನಾನು@ಬಾಡಿಗೆ --ಸುಡೋ

ಹಳೆಯ ಆವೃತ್ತಿಗಳಲ್ಲಿ ಕೊನೆಯ ಪದದ ಬದಲು '--ಯೂಸ್-ರಿಮೋಟ್-ಸುಡೋ' ಬೇಕು. ಮೊದಲ ಸಲ 'ನಂಬಿಕೆಯ ಸಹಿ ಇಲ್ಲ' ಎಂಬ ಅರ್ಥದ ದೂರು ಬಂದರೆ, ಸರ್ವರ್‌ನ 'ನಿಕ್ಸ್.ಸೆಟ್ಟಿಂಗ್ಸ್.ಟ್ರಸ್ಟೆಡ್-ಯೂಸರ್ಸ್' ಪಟ್ಟಿಯಲ್ಲಿ ನಿಮ್ಮ ಬಳಕೆದಾರನ ಹೆಸರು ಇಲ್ಲ ಎಂದೇ ಅರ್ಥ. ಹಾಗೆ ಸೇರಿಸಿದ ಬಳಕೆದಾರ ಬಹುಮಟ್ಟಿಗೆ ರೂಟ್‌ಗೆ ಸಮ ಎಂಬುದು ನೆನಪಿರಲಿ.

'ಸ್ವಿಚ್' ಹೊಸ ವ್ಯವಸ್ಥೆಯನ್ನು ಈಗಲೇ ಚಾಲೂ ಮಾಡಿ ಬೂಟ್ ಮೆನುವಿನಲ್ಲೂ ಸೇರಿಸುತ್ತದೆ. 'ಟೆಸ್ಟ್' ಈಗ ಚಾಲೂ ಮಾಡುತ್ತದೆ, ಬೂಟ್ ಮೆನುವನ್ನು ಮುಟ್ಟುವುದಿಲ್ಲ. 'ಬೂಟ್' ಮುಂದಿನ ಸಲ ಎದ್ದಾಗ ಮಾತ್ರ. ಈ ಮೂರರಲ್ಲಿ ನಡುವಿನದರ ಬೆಲೆ ನನಗೆ ತಡವಾಗಿ ತಿಳಿಯಿತು. ಒಂದು ರಾತ್ರಿ ಸ್ಥಿರ ಐಪಿ ವಿಳಾಸ ಕೊಡುವಾಗ ಗೇಟ್‌ವೇಯ ಕೊನೆಯಲ್ಲಿ 1 ಬರೆಯುವ ಬದಲು 11 ಬರೆದು 'ಸ್ವಿಚ್' ಮಾಡಿದೆ. ಟರ್ಮಿನಲ್ ನಿಂತಲ್ಲೇ ನಿಂತಿತು. ಬಾಡಿಗೆ ಸಂಸ್ಥೆಯ ವೆಬ್ ಕನ್ಸೋಲ್‌ನಿಂದ ರೀಬೂಟ್ ಮಾಡಿ, ಬೂಟ್ ಮೆನುವಿನಲ್ಲಿ ಹಳೆಯ ತಲೆಮಾರನ್ನು, ಅಂದರೆ ಹಿಂದಿನ 'ಸ್ವಿಚ್' ಕಟ್ಟಿದ ವ್ಯವಸ್ಥೆಯನ್ನು, ಆರಿಸಿಕೊಳ್ಳಬೇಕು. ಮೆನು ಕಾಯುವುದು ಐದು ಸೆಕೆಂಡ್, ಕನ್ಸೋಲ್‌ನ ಚಿತ್ರ ತಲುಪುವುದೇ ನಾಲ್ಕು ಸೆಕೆಂಡ್ ತಡವಾಗಿ. ಮೂರನೆಯ ಪ್ರಯತ್ನಕ್ಕೆ ಕೀಲಿ ನಾಟಿತು.

ಅಂದಿನಿಂದ ನೆಟ್‌ವರ್ಕ್, ಫೈರ್‌ವಾಲ್, ಎಸ್‌ಎಸ್‌ಎಚ್ ಈ ಮೂರನ್ನು ಮುಟ್ಟುವಾಗ ಹೀಗೆ ಮಾಡುತ್ತೇನೆ. ಮೊದಲು ಸರ್ವರ್‌ನಲ್ಲಿ 'ಸುಡೋ ಷಟ್‌ಡೌನ್ -ಆರ್ +10' ಕೊಡುತ್ತೇನೆ: ಹತ್ತು ನಿಮಿಷಕ್ಕೆ ರೀಬೂಟ್. ಆಮೇಲೆ 'ಟೆಸ್ಟ್'. ಹೊಸ ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡುತ್ತೇನೆ. ಹಳೆಯ ಸಂಪರ್ಕ ಉಳಿದಿದೆ ಎಂಬುದು ಸಾಕ್ಷಿಯಲ್ಲ. ಸರಿಯಿದ್ದರೆ 'ಸುಡೋ ಷಟ್‌ಡೌನ್ -ಸಿ' ಎಂದು ರೀಬೂಟ್ ರದ್ದುಮಾಡಿ, ನಂತರ 'ಸ್ವಿಚ್'. ಬಾಗಿಲು ಮುಚ್ಚಿಹೋದರೆ ಸುಮ್ಮನೆ ಕಾಯುತ್ತೇನೆ, ಯಂತ್ರ ತಾನೇ ರೀಬೂಟ್ ಆಗಿ ಹಳೆಯ ವ್ಯವಸ್ಥೆಯಲ್ಲಿ ಏಳುತ್ತದೆ. ಹತ್ತರ ಬದಲು ಐದು ನಿಮಿಷ ಕೊಡಬೇಡಿ: ರೀಬೂಟ್‌ಗೆ ಐದು ನಿಮಿಷ ಉಳಿದಾಗ ಸಿಸ್ಟಮ್‌ಡಿ '/ರನ್/ನೋಲಾಗಿನ್' ಎಂಬ ಕಡತ ಸೃಷ್ಟಿಸಿ ರೂಟ್ ಅಲ್ಲದವರ ಹೊಸ ಲಾಗಿನ್‌ಗಳನ್ನು ತಡೆಯುತ್ತದೆ. ನಿಮ್ಮ ಬದಲಾವಣೆ ಸರಿಯಿದ್ದರೂ ತಪ್ಪಿದಂತೆ ಕಾಣುತ್ತದೆ.

ಗುಟ್ಟುಗಳು

'/ನಿಕ್ಸ್/ಸ್ಟೋರ್' ಒಳಗಿನದನ್ನು ಆ ಯಂತ್ರದ ಯಾವ ಬಳಕೆದಾರನಾದರೂ ಓದಬಹುದು. ಕಾನ್ಫಿಗರೇಶನ್‌ನಲ್ಲಿ ಪಾಸ್‌ವರ್ಡ್ ಬರೆದರೆ ಅದು ಸ್ಟೋರ್‌ಗೆ ಹೋಗುತ್ತದೆ, ಗಿಟ್‌ಗೂ ಹೋಗುತ್ತದೆ. ಆದ್ದರಿಂದಲೇ ಬಹುತೇಕ ಸೇವೆಗಳಲ್ಲಿ 'ಪಾಸ್‌ವರ್ಡ್‌ಫೈಲ್', 'ಎನ್ವಿರಾನ್‌ಮೆಂಟ್‌ಫೈಲ್' ಎಂಬಂಥ ಆಯ್ಕೆಗಳಿವೆ: ಗುಟ್ಟನ್ನಲ್ಲ, ಗುಟ್ಟಿರುವ ಕಡತದ ದಾರಿಯನ್ನು ಹೇಳಿ. ಇಲ್ಲೂ ಒಂದು ಹಳ್ಳವಿದೆ. ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಚಿಹ್ನೆಯಿಲ್ಲದೆ ಬರೆದರೆ ನಿಕ್ಸ್ ಅದನ್ನು ಪಠ್ಯವೆನ್ನದೆ ಪಾತ್ ಎಂದು ತಿಳಿದು, ಆ ಕಡತವನ್ನೇ ಸ್ಟೋರ್‌ಗೆ ನಕಲು ಮಾಡಿಬಿಡಬಹುದು. ಎರಡು ಚಿಹ್ನೆಗಳ ಅಂತರದಲ್ಲಿ ಗುಟ್ಟು ರಟ್ಟು.

ಗುಟ್ಟುಗಳನ್ನು ಗಿಟ್‌ನಲ್ಲೇ ಇಡಲು ನಾನು 'ಏಜ್‌ನಿಕ್ಸ್' ಬಳಸುತ್ತೇನೆ. 'ಸಾಪ್ಸ್-ನಿಕ್ಸ್' ಕೂಡ ಒಳ್ಳೆಯದೇ, ಎರಡರಲ್ಲಿ ಯಾವುದೆಂದು ವಾರಗಟ್ಟಲೆ ತೂಗುತ್ತ ಕೂರುವುದು ಬೇಡ. ಏಜ್‌ನಿಕ್ಸ್ ಗುಟ್ಟನ್ನು ಸರ್ವರ್‌ನ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗೆ ಗೂಢಲಿಪೀಕರಿಸಿ ಭಂಡಾರದಲ್ಲಿಡುತ್ತದೆ. ವ್ಯವಸ್ಥೆ ಚಾಲೂ ಆಗುವಾಗ ಸರ್ವರ್ ಅದನ್ನು '/ರನ್/ಏಜ್‌ನಿಕ್ಸ್' ಅಡಿಯಲ್ಲಿ ಬಿಚ್ಚಿಡುತ್ತದೆ. 'ಸೀಕ್ರೆಟ್ಸ್.ನಿಕ್ಸ್' ಎಂಬ ಕಡತದಲ್ಲಿ ಪ್ರತಿ ಗುಟ್ಟಿಗೂ ಯಾರ್ಯಾರ ಕೀಲಿ ಹೊಂದಬೇಕು ಎಂದು ಬರೆಯಬೇಕು. ಆ ಕಡತದ ಬಗ್ಗೆ ಕೊನೆಯಲ್ಲಿ ಮತ್ತೆ ಹೇಳುತ್ತೇನೆ.

ಹಿಂದಕ್ಕೆ ಬಾರದ ಭಾಗ

ನಿಕ್ಸ್‌ಓಎಸ್‌ನ ಬಗ್ಗೆ ಹೊಗಳಿ ಬರೆಯುವವರು ರೋಲ್‌ಬ್ಯಾಕ್ ಎಂದರೆ ಕಾಲಯಂತ್ರ ಎಂಬಂತೆ ಬರೆಯುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಚಿತ್ರಗಳನ್ನು ಜೋಡಿಸಿಡುವ ಒಂದು ಸೇವೆಯನ್ನು ನವೀಕರಿಸಿದೆ. ಹೊಸ ಆವೃತ್ತಿಯ ಪುಟಗಳು ತೆರೆಯಲಿಲ್ಲ. ಧೈರ್ಯವಾಗಿ 'ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್ --ರೋಲ್‌ಬ್ಯಾಕ್' ಕೊಟ್ಟೆ. ಹಳೆಯ ತಂತ್ರಾಂಶ ಬಂತು, ಆದರೆ ಏಳಲೊಲ್ಲದು. ಹೊಸ ಆವೃತ್ತಿ ಎದ್ದ ಮೊದಲ ಕ್ಷಣದಲ್ಲೇ ಡೇಟಾಬೇಸ್‌ನ ಕೋಷ್ಟಕಗಳನ್ನು ತನ್ನ ಅಳತೆಗೆ ಹೊಲಿದುಕೊಂಡಿತ್ತು. ಹಳೆಯದಕ್ಕೆ ಅವು ಅರ್ಥವಾಗಲಿಲ್ಲ.

'/ವಾರ್/ಲಿಬ್' ಒಳಗೆ ಇರುವುದು ಯಾವುದೂ ನಿಮ್ಮ ನಿಕ್ಸ್ ಕಡತಗಳಲ್ಲಿಲ್ಲ. ತಂತ್ರಾಂಶ, ಸೆಟ್ಟಿಂಗ್, ಬಳಕೆದಾರರು, ಫೈರ್‌ವಾಲ್ ಹಿಂದಕ್ಕೆ ಬರುತ್ತವೆ, ದತ್ತಾಂಶ ಬರುವುದಿಲ್ಲ. ಹೊಸ ಸೇವೆಯೊಂದನ್ನು ಸೇರಿಸುವಾಗ ನಾನೀಗ ಮೊದಲು ಕೇಳಿಕೊಳ್ಳುವುದು ಅದು ಎಲ್ಲಿ ಬರೆಯುತ್ತದೆ ಎಂದು. ಉತ್ತರ ಸಿಕ್ಕ ಮೇಲೆಯೇ 'ಎನೇಬಲ್ = ಟ್ರೂ'.

ಬ್ಯಾಕಪ್‌ಗೆ ಎರಡು ಮಾಡ್ಯೂಲ್‌ಗಳನ್ನು ಜೊತೆಗೂಡಿಸುತ್ತೇನೆ. 'ಸರ್ವೀಸಸ್.ಪೋಸ್ಟ್‌ಗ್ರೆಸ್‌ಕ್ಯೂಎಲ್‌ಬ್ಯಾಕಪ್' ಡೇಟಾಬೇಸ್ ಅನ್ನು '/ವಾರ್/ಬ್ಯಾಕಪ್/ಪೋಸ್ಟ್‌ಗ್ರೆಸ್‌ಕ್ಯೂಎಲ್' ಒಳಗೆ ಡಂಪ್ ಮಾಡುತ್ತದೆ. 'ಸರ್ವೀಸಸ್.ರೆಸ್ಟಿಕ್.ಬ್ಯಾಕಪ್ಸ್' ಆ ಡಂಪ್ ಅನ್ನೂ '/ವಾರ್/ಲಿಬ್' ಅನ್ನೂ ಬೇರೆ ಕಡೆಗೆ ಕಳುಹಿಸುತ್ತದೆ. ಎರಡನ್ನೂ ಚಾಲೂ ಮಾಡಿ ಎಷ್ಟೋ ತಿಂಗಳು ನೆಮ್ಮದಿಯಾಗಿದ್ದೆ. ಆಮೇಲೊಂದು ದಿನ ಟೈಮರ್‌ಗಳ ಪಟ್ಟಿ ನೋಡುತ್ತಿದ್ದಾಗ ಕಂಡಿತು: ರೆಸ್ಟಿಕ್‌ನ ಪೂರ್ವನಿಗದಿತ ವೇಳೆ 'ಡೈಲಿ', ಅಂದರೆ ಮಧ್ಯರಾತ್ರಿ ಹನ್ನೆರಡು. ಡಂಪ್‌ನ ಪೂರ್ವನಿಗದಿತ ವೇಳೆ 1:15. ಪ್ರತಿ ರಾತ್ರಿಯೂ ನಾನು ಹೊರಗೆ ಕಳುಹಿಸುತ್ತಿದ್ದದ್ದು ಹಿಂದಿನ ರಾತ್ರಿಯ ಡಂಪ್. ರೆಸ್ಟಿಕ್‌ನ 'ಟೈಮರ್‌ಕಾನ್ಫಿಗ್'ನಲ್ಲಿ 'ಆನ್‌ಕ್ಯಾಲೆಂಡರ್' ಅನ್ನು 02:30 ಮಾಡಿದೆ. ನಿಮ್ಮ ಯಂತ್ರದಲ್ಲಿ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್' ಓಡಿಸಿ ನೋಡಿ, ಯಾವುದರ ಹಿಂದೆ ಯಾವುದು ಎಂದು.

ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಬದಲಿಸುವುದೂ ಕೈಕೆಲಸವೇ. ಪ್ರತಿ ಮುಖ್ಯ ಆವೃತ್ತಿಗೂ '/ವಾರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್' ಅಡಿಯಲ್ಲಿ ಬೇರೆ ಕೋಣೆ. 'ಪ್ಯಾಕೇಜ್' ಸಾಲಿನ ಸಂಖ್ಯೆಯನ್ನಷ್ಟೇ ತಿದ್ದಿದರೆ ಖಾಲಿ ಡೇಟಾಬೇಸ್ ಎದ್ದು ನಿಲ್ಲುತ್ತದೆ. ಗಾಬರಿ ಬೇಡ, ಹಳೆಯದು ಹಳೆಯ ಕೋಣೆಯಲ್ಲಿ ಹಾಗೇ ಇರುತ್ತದೆ. ಸಂಖ್ಯೆಯನ್ನು ಹಿಂದಕ್ಕೆ ತಂದು, ಡಂಪ್ ಮಾಡಿ, ಮತ್ತೆ ಮುಂದಕ್ಕೆ ಹೋಗಿ ತುಂಬಿಸಿ.

ಕಸ ಮತ್ತು ನವೀಕರಣ

ಪ್ರತಿ 'ಸ್ವಿಚ್' ಒಂದು ತಲೆಮಾರನ್ನು ಬಿಟ್ಟುಹೋಗುತ್ತದೆ, ಸ್ಟೋರ್ ಬೆಳೆಯುತ್ತಲೇ ಇರುತ್ತದೆ. 'ನಿಕ್ಸ್.ಜಿಸಿ.ಆಟೋಮ್ಯಾಟಿಕ್' ಟ್ರೂ ಮಾಡಿ '--ಡಿಲೀಟ್-ಓಲ್ಡರ್-ದ್ಯಾನ್ 30ಡಿ' ಕೊಟ್ಟರೆ ತಿಂಗಳಿಗಿಂತ ಹಳೆಯವು ಹೋಗುತ್ತವೆ, ಅವುಗಳಿಗೆ ಹಿಂದಿರುಗುವ ದಾರಿಯೂ ಹೋಗುತ್ತದೆ. ಬೂಟ್ ವಿಭಾಗ ಚಿಕ್ಕದಾಗಿದ್ದರೆ ಅಲ್ಲಿ ಕರ್ನೆಲ್‌ಗಳು ಸೇರಿ ಜಾಗ ಮುಗಿಯುತ್ತದೆ; ಸಿಸ್ಟಮ್‌ಡಿ-ಬೂಟ್‌ಗೆ 'ಕಾನ್ಫಿಗರೇಶನ್‌ಲಿಮಿಟ್ = 10' ಕೊಡಿ.

ನಿಕ್ಸ್‌ಓಎಸ್‌ನ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ. ಪ್ರತಿಯೊಂದಕ್ಕೂ ಬೆಂಬಲ ಸುಮಾರು ಏಳು ತಿಂಗಳು. ಅಂದರೆ ಜಿಗಿಯಲು ನಿಮಗೆ ಒಂದು ತಿಂಗಳ ಬಿಡುವು. ನಡುವೆ ವಾರಕ್ಕೊಮ್ಮೆ 'ನಿಕ್ಸ್ ಫ್ಲೇಕ್ ಅಪ್‌ಡೇಟ್' ಮಾಡಿ, 'ಬಿಲ್ಡ್' ಮಾಡಿ, 'ನಿಕ್ಸ್ ಸ್ಟೋರ್ ಡಿಫ್-ಕ್ಲೋಷರ್ಸ್' ನಿಂದ ಏನೇನು ಬದಲಾಗುತ್ತಿದೆ ಎಂದು ಓದಿ ಕಳುಹಿಸುತ್ತೇನೆ. 'ಸಿಸ್ಟಮ್.ಆಟೋಅಪ್‌ಗ್ರೇಡ್' ಎಂಬ ಸ್ವಯಂಚಾಲಿತ ದಾರಿಯೂ ಇದೆ. ಡೇಟಾಬೇಸ್ ಇರುವ ಯಂತ್ರದಲ್ಲಿ ನಾನು ಮಲಗಿರುವಾಗ ಅದು ಕೆಲಸ ಮಾಡುವುದು ನನಗೆ ಇಷ್ಟವಿಲ್ಲ.

ನಿಕ್ಸ್‌ನಲ್ಲಿ ಇಲ್ಲದ ತಂತ್ರಾಂಶಕ್ಕೆ 'ವರ್ಚುವಲೈಸೇಶನ್.ಓಸಿಐ-ಕಂಟೇನರ್ಸ್' ಬಳಸಿ, ಮುಜುಗರಪಡಬೇಡಿ. ಜಾಲದಿಂದ ಇಳಿಸಿದ ಸಿದ್ಧ ಬೈನರಿ ಇಲ್ಲಿ ಓಡದೆ ಹೋದರೆ, ಅದು ಹುಡುಕುವ ಲೋಡರ್ ವಾಡಿಕೆಯ ಜಾಗದಲ್ಲಿಲ್ಲ ಎಂಬುದೇ ಕಾರಣ. 'ನಿಕ್ಸ್-ಎಲ್‌ಡಿ' ಅದಕ್ಕೆ ಮದ್ದು.

ಕವಾಯತು

ವರ್ಷಕ್ಕೊಮ್ಮೆ ಒಂದು ತಾಸಿಗೆಂದು ಹೊಸ ಸರ್ವರ್ ಬಾಡಿಗೆಗೆ ಪಡೆದು, ಹಳೆಯದು ಸತ್ತಿದೆ ಎಂದುಕೊಂಡು ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತೇನೆ. ಮೊದಲ ಸಲ ನಿಕ್ಸ್‌ಓಎಸ್-ಎನಿವೇರ್ ಹನ್ನೆರಡು ನಿಮಿಷದಲ್ಲಿ ಮುಗಿಸಿತು. ಎನ್‌ಜಿನ್‌ಎಕ್ಸ್ ಎದ್ದಿತು, ಪೋಸ್ಟ್‌ಗ್ರೆಸ್ ಎದ್ದಿತು. ಗುಟ್ಟುಗಳು ಒಂದೂ ಬಿಚ್ಚಲಿಲ್ಲ: ಹೊಸ ಯಂತ್ರಕ್ಕೆ ಹೊಸ ಹೋಸ್ಟ್ ಕೀಲಿ, ಗುಟ್ಟುಗಳು ಹಳೆಯ ಕೀಲಿಗೆ ಕಟ್ಟಿದವು. ಇದಕ್ಕೆ ಎರಡು ದಾರಿ. ಹಳೆಯ ಹೋಸ್ಟ್ ಕೀಲಿಯನ್ನು ಜೋಪಾನವಾಗಿ ಇಟ್ಟುಕೊಂಡು '--ಎಕ್ಸ್‌ಟ್ರಾ-ಫೈಲ್ಸ್' ಆಯ್ಕೆಯಿಂದ ಹೊಸ ಯಂತ್ರಕ್ಕೆ ಹಾಕುವುದು; ಇಲ್ಲವೇ ಹೊಸ ಕೀಲಿಯನ್ನು 'ಸೀಕ್ರೆಟ್ಸ್.ನಿಕ್ಸ್'ಗೆ ಸೇರಿಸಿ 'ಏಜ್‌ನಿಕ್ಸ್ --ರೀಕೀ' ಓಡಿಸುವುದು. ಎರಡನೆಯದನ್ನು ಆರಿಸಿದೆ.

ಆರು ಗುಟ್ಟುಗಳಲ್ಲಿ ಐದು ಹೊಸ ಕೀಲಿಗೆ ಹೊಂದಿಕೊಂಡವು. ಆರನೆಯದನ್ನು ಬಿಚ್ಚಲು ನನ್ನ ಬಳಿ ಕೀಲಿಯೇ ಇರಲಿಲ್ಲ. ಅದನ್ನು ಸೃಷ್ಟಿಸುವಾಗ ಸರ್ವರ್‌ನ ಕೀಲಿಯನ್ನಷ್ಟೇ ಬರೆದಿದ್ದೆ, ನನ್ನ ಸ್ವಂತ ಕೀಲಿಯನ್ನು ಸೇರಿಸಲು ಮರೆತಿದ್ದೆ. ಗೂಢಲಿಪೀಕರಿಸಲು ಅಷ್ಟು ಸಾಕಾದ್ದರಿಂದ ಏಜ್‌ನಿಕ್ಸ್ ಚಕಾರವೆತ್ತಿರಲಿಲ್ಲ. ಯಾವ ಗುಟ್ಟು ಎಂದು ನೋಡಿದೆ. ರೆಸ್ಟಿಕ್‌ನ ಪಾಸ್‌ವರ್ಡ್. ಹಳೆಯ ಸರ್ವರ್ ನಿಜವಾಗಿ ಸತ್ತಿದ್ದರೆ ಅಷ್ಟೂ ಬ್ಯಾಕಪ್ ಬೀಗ ಹಾಕಿದ ಪೆಟ್ಟಿಗೆಯಾಗಿ, ಕೀಲಿ ಅದರೊಳಗೇ ಉಳಿಯುತ್ತಿತ್ತು.

ಅದು ಇನ್ನೂ ಜೀವಂತವಿತ್ತು. ಅದರ '/ರನ್/ಏಜ್‌ನಿಕ್ಸ್' ಒಳಗಿಂದ ಪಾಸ್‌ವರ್ಡ್ ಓದಿ, ಎರಡು ಕೀಲಿಗಳಿಗೆ ಮತ್ತೆ ಕಟ್ಟಿದೆ. ಈಗ 'ಸೀಕ್ರೆಟ್ಸ್.ನಿಕ್ಸ್'ನ ಪ್ರತಿ ಸಾಲಿನಲ್ಲೂ ಎರಡೆರಡು ಕೀಲಿಗಳಿವೆ. ರೆಸ್ಟಿಕ್‌ನ ಪಾಸ್‌ವರ್ಡ್ ಮಾತ್ರ ಮೇಜಿನ ಡ್ರಾಯರ್‌ನಲ್ಲಿ, ಒಂದು ಲಕೋಟೆಯೊಳಗೆ, ಪೆನ್ನಿನಲ್ಲಿ ಬರೆದೂ ಇದೆ.